ಇಂಗ್ಲೆಂಡಿನ ಮನೆಗೆ ಐಪಿ65 ಬಾತ್‌ರೂಮ್ ಲೈಟ್: ಹೇಗಿದೆ, ನಾವೇ ಹಾಕಬಹುದಾ?

ಲೈಟ್ ಚೆನ್ನಾಗಿದೆ, ಐದಕ್ಕೆ ನಾಲ್ಕು ಕೊಡುತ್ತೇನೆ. ದುಂಡಗೆ, ಚಾವಣಿಗೆ ಅಂಟಿಕೊಂಡು ಕೂರುವ 18 ವ್ಯಾಟ್ ಎಲ್‌ಇಡಿ. ಐಪಿ65 ಅಂದರೆ ಧೂಳು ಒಳಗೆ ಹೋಗಲ್ಲ, ನೀರು ಚಿಮ್ಮಿದರೂ ತಡೆಯುತ್ತದೆ ಅನ್ನುವ ಗುರುತು. ಆದರೆ ಇಲ್ಲಿ ಹೊಸದಾಗಿ ಮನೆ ತಗೊಂಡ ನಮ್ಮವರು ಮೊದಲು ಕೇಳುವುದು ಲೈಟ್ ಬಗ್ಗೆ ಅಲ್ಲ, ‘ನಾವೇ ಹಾಕಿದರೆ ಕಾನೂನಿನ ತೊಂದರೆ ಏನೂ ಇಲ್ವಾ?’ ಅಂತ. ಅದಕ್ಕೇ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ತೊಂದರೆ ಇಲ್ಲ. ಇಂಗ್ಲೆಂಡಿನಲ್ಲಿ ಮನೆಯ ಕರೆಂಟ್ ಕೆಲಸಕ್ಕೆ 2005ರಿಂದ ಪಾರ್ಟ್ ಪಿ ಅನ್ನುವ ಕಟ್ಟಡ ನಿಯಮ ಇದೆ. ಹಳೇ ಲೈಟ್ ಬಿಚ್ಚಿ ಅದೇ ಜಾಗದಲ್ಲಿ, ಅದೇ ವೈರಿಗೆ ಇನ್ನೊಂದು ಹಾಕಿದರೆ ಬಿಲ್ಡಿಂಗ್ ಕಂಟ್ರೋಲ್‌ಗೆ, ಅಂದರೆ ಕಟ್ಟಡ ನಿಯಮ ಪಾಲನೆ ನೋಡಿಕೊಳ್ಳುವವರಿಗೆ, ತಿಳಿಸಬೇಕಾಗಿಲ್ಲ. ಹೊಸ ಸರ್ಕ್ಯೂಟ್ ಎಳೆದರೆ, ಫ್ಯೂಸ್ ಬಾಕ್ಸ್ ಬದಲಿಸಿದರೆ, ಇಲ್ಲವೇ ಟಬ್ಬು, ಶವರ್ ಸುತ್ತಲಿನ ಜಾಗದಲ್ಲಿ ವೈರಿಂಗ್‌ಗೆ ಏನಾದರೂ ಸೇರಿಸಿದರೆ ತಿಳಿಸಬೇಕು. ಸುತ್ತಲಿನ ಜಾಗ ಅಂದರೆ ಟಬ್ಬಿನ ಅಂಚಿನಿಂದ 60 ಸೆಂಟಿಮೀಟರ್ ಆಚೆಯವರೆಗೆ, ನೆಲದಿಂದ 2.25 ಮೀಟರ್ ಎತ್ತರದವರೆಗೆ. ಶವರ್ ಅದಕ್ಕಿಂತ ಮೇಲಿದ್ದರೆ ಅಲ್ಲಿಯವರೆಗೆ. ವೇಲ್ಸ್, ಸ್ಕಾಟ್ಲೆಂಡ್‌ನಲ್ಲಿ ನಿಯಮ ಬೇರೆ, ಬಾಡಿಗೆ ಮನೆಯಾದರೆ ಓನರ್ ಕೇಳದೆ ಮುಟ್ಟಲೇಬೇಡಿ.

ತಿಳಿಸಬೇಕಾಗಿಲ್ಲ ಅಂದ ಮಾತ್ರಕ್ಕೆ ಹೇಗೆ ಬೇಕಾದರೂ ಹಾಕಬಹುದು ಅಂತಲ್ಲ. ಕೆಲಸ ಸುರಕ್ಷಿತವಾಗಿರಬೇಕು ಅನ್ನುವುದು ಎಲೆಕ್ಟ್ರಿಷಿಯನ್‌ಗೆ ಎಷ್ಟು ಅನ್ವಯವೋ ನಮಗೂ ಅಷ್ಟೇ.

ಇಲ್ಲಿ ಸಾಮಾನ್ಯವಾಗಿ ಚಾವಣಿ 2.4 ಮೀಟರ್ ಇರುತ್ತದೆ, ಹಾಗಾಗಿ ಚಾವಣಿಯ ಲೈಟ್ ಆ 2.25 ಮೀಟರ್ ಗಡಿಯ ಮೇಲೇ ಉಳಿಯುತ್ತದೆ. ಗಡಿಯೊಳಗೆ ಬಂದರೂ, ಟಬ್ಬಿನ ಒಳಗೆ ಬಿಟ್ಟು, ಕನಿಷ್ಠ ಐಪಿಎಕ್ಸ್4 (ನೀರಿನ ಹನಿ ಸಿಡಿದರೆ ತಡೆಯುವಷ್ಟು) ಇದ್ದರೆ ಸಾಕು. ಆದರೂ ಐಪಿ65 ತಗೊಳ್ಳಿ ಅಂತಲೇ ಹೇಳುತ್ತೇನೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿಕೊಂಡು ಬಿಸಿನೀರು ಬಿಟ್ಟರೆ ಹಬೆಯೆಲ್ಲ ಮೇಲೇ ಹೋಗಿ ನಿಲ್ಲುತ್ತದೆ ಅಲ್ವಾ. ನಮ್ಮ ಹಳೇ ಲೈಟಿನ ಸ್ಕ್ರೂಗಳು ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ.

ಈ ಲೈಟಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಹಿಂಬದಿಯ ರಬ್ಬರ್ ಬಿರಡೆ. ಅದರಲ್ಲಿ ಸಣ್ಣ ತೂತು ಮಾಡಿ ವೈರ್ ತೂರಿಸಿದರೆ ರಬ್ಬರ್ ಸುತ್ತಲೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ತೂತು ದೊಡ್ಡದಾದರೆ ಐಪಿ65 ಅನ್ನುವುದು ಡಬ್ಬದ ಮೇಲೆ ಮಾತ್ರ ಉಳಿಯುತ್ತದೆ. ಚೌಕದೊಳಗೆ ಚೌಕದ ಗುರುತೂ ಇದೆ, ಅಂದರೆ ಡಬಲ್ ಇನ್ಸುಲೇಷನ್, ಲೈಟಿಗೆ ಅರ್ಥ್ ಬೇಡ. ಹಾಗಂತ ಚಾವಣಿಯಿಂದ ಬಂದ ಅರ್ಥ್ ವೈರನ್ನು ಕತ್ತರಿಸಬೇಡಿ, ಕನೆಕ್ಟರ್‌ನಲ್ಲಿ ಸೇರಿಸಿಡಿ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ವೈರ್ ಸೇರಿಸುವ ಜಾಗ ತೀರಾ ಇಕ್ಕಟ್ಟಾಗಿರುವುದಕ್ಕೆ. ಹಳೇ ಮನೆಗಳಲ್ಲಿ ಚಾವಣಿಯ ತೂತಿನಿಂದ ಎರಡು ಮೂರು ಕೇಬಲ್ ಇಳಿದಿರುತ್ತವೆ, ಹಳೇ ಬಣ್ಣದಲ್ಲಿ, ಕೆಂಪು ಮತ್ತು ಕಪ್ಪು. ಅದರಲ್ಲಿ ಒಂದು ಕೇಬಲ್ ಸ್ವಿಚ್‌ಗೆ ಹೋಗಿ ಬರುವುದು. ಅದರ ಕಪ್ಪು ವೈರ್ ನ್ಯೂಟ್ರಲ್ ಅಲ್ಲ, ಸ್ವಿಚ್ ಹಾಕಿದಾಗ ಅದರಲ್ಲೇ ಕರೆಂಟ್ ಬರುತ್ತದೆ. ಅದರ ಮೇಲೆ ಕೆಂಪು ಟೇಪ್ ಇರಬೇಕು, ಎಷ್ಟೋ ಕಡೆ ಇರುವುದಿಲ್ಲ. ಬಣ್ಣ ನೋಡಿ ಕೆಂಪನ್ನೆಲ್ಲ ಒಂದು ಕಡೆ, ಕಪ್ಪನ್ನೆಲ್ಲ ಒಂದು ಕಡೆ ಸೇರಿಸಿದರೆ ಸ್ವಿಚ್ ಒತ್ತಿದ ತಕ್ಷಣ ಶಾರ್ಟ್. ಬಿಚ್ಚುವ ಮೊದಲೇ ಫೋಟೋ ತೆಗೆದು, ಒಂದೊಂದಕ್ಕೂ ಚೀಟಿ ಅಂಟಿಸಿ. ಈ ಲೈಟ್ ತರುವವರು ಬೇರೆ ಜಂಕ್ಷನ್ ಬಾಕ್ಸ್ ಕೂಡ ತರಬೇಕಾಗಬಹುದು, ಲೀಫ್‌ಲೆಟ್‌ನಲ್ಲಿ ಇದರ ಸುದ್ದಿಯೇ ಇಲ್ಲ.

ಸ್ವಿಚ್ ಆಫ್ ಮಾಡಿದರೆ ಸಾಲದು, ಫ್ಯೂಸ್ ಬಾಕ್ಸಿನಲ್ಲಿ ಆ ಸರ್ಕ್ಯೂಟಿನ ಎಂಸಿಬಿ ಇಳಿಸಿ. ಆಮೇಲೆ ಎರಡು ಮೊನೆಯ ಟೆಸ್ಟರ್‌ನಿಂದ ವೈರ್ ಸತ್ತಿದೆಯಾ ಅಂತ ನೋಡಿ. ವೈರ್ ಹತ್ತಿರ ಹಿಡಿದರೆ ಬೀಪ್ ಅನ್ನುವ ಪೆನ್ನನ್ನು ಇದಕ್ಕೆ ನಂಬಬೇಡಿ. ಫ್ಯೂಸ್ ಬಾಕ್ಸಿನಲ್ಲಿ ಆರ್‌ಸಿಡಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇಲ್ಲದಿದ್ದರೆ, ಅಥವಾ ಅರ್ಥ್ ವೈರೇ ಕಾಣದಿದ್ದರೆ, ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ಎಲೆಕ್ಟ್ರಿಷಿಯನ್‌ಗಳನ್ನು ನೋಂದಾಯಿಸುವ ಎನ್‌ಐಸಿಇಐಸಿ ಅಥವಾ ನ್ಯಾಪಿಟ್ ಸಂಸ್ಥೆಯಲ್ಲಿ ಹೆಸರಿರುವವರನ್ನು ಕರೆಸಿ. ತಿಳಿಸಬೇಕಾದ ಕೆಲಸವಿದ್ದರೆ ಅವರೇ ತಿಳಿಸಿ ಸರ್ಟಿಫಿಕೇಟ್ ಕೊಡಿಸುತ್ತಾರೆ, ಮುಂದೆ ಮನೆ ಮಾರುವಾಗ ಅದು ಬೇಕಾಗುತ್ತದೆ.

ಬೆಳಕಿನ ಬಣ್ಣ 3000, 4000, 6500 ಕೆಲ್ವಿನ್ ಮೂರರಲ್ಲೂ ಸಿಗುತ್ತದೆ, ಸಂಖ್ಯೆ ಕಡಿಮೆಯಾದರೆ ಹಳದಿ, ಹೆಚ್ಚಾದರೆ ನೀಲಿ ಬಿಳುಪು. ಆರಿಸುವ ಗುಂಡಿ ಮುಚ್ಚಳದ ಒಳಗಿದೆ, ಮುಚ್ಚುವ ಮೊದಲೇ ನೋಡಿಕೊಳ್ಳಿ. ಗಡ್ಡ ಬೋಳಿಸಲು 4000 ಸರಿಹೋಗುತ್ತದೆ, 6500 ಮಾತ್ರ ಕಣ್ಣಿಗೆ ಚುಚ್ಚುತ್ತದೆ.