ಬಳ್ಳಾರಿ, ಕೊಪ್ಪಳದ ಗುಡ್ಡಗಳಿಗೆ ಯಾವ ಬ್ಯಾಗ್? ಮೂರನ್ನು ಹೊತ್ತು ನೋಡಿದ ಮೇಲೆ

ನಮ್ಮ ಕಡೆ ಬ್ಯಾಗ್ ಹಾಳಾಗುವುದು ಮಳೆಯಿಂದಲ್ಲ, ಕಲ್ಲಿನಿಂದ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿದವರಿಗೆ ಇದು ಗೊತ್ತು. ಬಂಡೆ ಸಂದಿಯಲ್ಲಿ ನುಸುಳುವಾಗ, ಕೂತು ಜಾರಿ ಇಳಿಯುವಾಗ ಬ್ಯಾಗಿನ ತಳ ಕಲ್ಲಿಗೆ ಉಜ್ಜುತ್ತಲೇ ಇರುತ್ತದೆ. ಅಲ್ಲಿಗೂ ಸಂಡೂರಿನ ಕಡೆಗೂ ನಾನು ಮೂರು ಥರದ್ದು ಹೊತ್ತಿದ್ದೇನೆ: ಕ್ಯಾನ್ವಾಸ್, 600 ಡಿನಿಯರ್ (ನೂಲಿನ ದಪ್ಪದ ಲೆಕ್ಕ) ಪಾಲಿಯೆಸ್ಟರಿನ ಕಾಲೇಜ್ ಬ್ಯಾಗ್, 420 ಡಿನಿಯರ್ ನೈಲಾನಿನ ಟ್ರೆಕಿಂಗ್ ಬ್ಯಾಗ್. ಎಲ್ಲವೂ 20ರಿಂದ 25 ಲೀಟರಿನವು.

ಕ್ಯಾನ್ವಾಸ್ ಗಟ್ಟಿ, ಎರಡು ಮಾತಿಲ್ಲ. ಆದರೆ ಖಾಲಿ ಇದ್ದಾಗಲೇ ಭಾರ, ಬೆವರು ಹೀರಿದರೆ ಇನ್ನೂ ಭಾರ. ಬೇಸಿಗೆಯಲ್ಲಿ 3 ಲೀಟರ್ ನೀರು ಬೇಕೇ ಬೇಕು, ಅಂದರೆ ಬೆನ್ನ ಮೇಲೆ ಆಗಲೇ 3 ಕೆಜಿ. ಕ್ಯಾನ್ವಾಸ್ ಊರಲ್ಲಿ ಓಡಾಡಲು ಸರಿ.

ಉಳಿದ ಎರಡರಲ್ಲಿ 600 ದೊಡ್ಡ ನಂಬರ್, ಅದೇ ಗಟ್ಟಿ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಆದರೆ ಡಿನಿಯರ್ ಅಂದರೆ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ, ಅಷ್ಟೇ; ನೂಲು ಯಾವುದರದ್ದು ಅನ್ನುವುದನ್ನು ಅದು ಹೇಳುವುದಿಲ್ಲ. ಉಜ್ಜಾಟ ತಾಳುವುದರಲ್ಲಿ ನೈಲಾನೇ ಮೇಲು. ನನ್ನ ಪಾಲಿಯೆಸ್ಟರ್ ಬ್ಯಾಗಿನ ತಳದ ಮೂಲೆ ಸವೆದು ತೂತಾಯಿತು, ನೈಲಾನಿನದರಲ್ಲಿ ಅಲ್ಲಲ್ಲಿ ನೂಲು ಎದ್ದಿದೆ, ಹರಿದಿಲ್ಲ. ಬಿಸಿಲಿಗೆ ಮಾತ್ರ ಪಾಲಿಯೆಸ್ಟರ್ ಜಾಸ್ತಿ ಬಾಳಿಕೆ ಬರುತ್ತದೆ. ಹಾಗಾಗಿ ನೈಲಾನ್ ಬ್ಯಾಗನ್ನು ತೊಳೆದು ನೆರಳಲ್ಲೇ ಒಣಗಿಸಿ, ಸುಮ್ನೆ ಮಾಳಿಗೆ ಮೇಲೆ ಬಿಡಬೇಡಿ.

ಬೆನ್ನಿಗೂ ಬ್ಯಾಗಿಗೂ ನಡುವೆ ಗಾಳಿ ಆಡಲಿ ಅಂತ ಬಿಗಿದ ಜಾಲರಿ ಇರುವ ಬ್ಯಾಗೂ ಸಿಗುತ್ತದೆ. ಗೆಳೆಯನದನ್ನು ಹೊತ್ತು ನೋಡಿದೆ. ನಮ್ಮ ಸೆಕೆಗೆ ನಿಜವಾಗಲೂ ಹಿತ, ಆದರೆ ಭಾರ ಬೆನ್ನಿನಿಂದ ದೂರ ಉಳಿದು ಹಿಂದಕ್ಕೆ ಎಳೆಯುತ್ತದೆ, ಬಂಡೆ ಹತ್ತುವಾಗ ಅದು ಬೇಡ. ಅಂಜನಾದ್ರಿಯಂಥ ಮೆಟ್ಟಿಲ ದಾರಿಗಾದರೆ ಧಾರಾಳವಾಗಿ ತಗೊಳ್ಳಿ.

ನನ್ನ ಓಟು ನೈಲಾನಿಗೇ. ಖಡಕ್ ರೊಟ್ಟಿ ಮಾತ್ರ ಡಬ್ಬಿಯಲ್ಲೇ ಇಡಿ, ಇಲ್ಲದಿದ್ದರೆ ಪುಡಿ ತಿನ್ನಬೇಕಾಗುತ್ತದೆ.

ಕೊಳ್ಳುವಾಗ ಭುಜದ ಪಟ್ಟಿ ಬ್ಯಾಗಿಗೆ ಸೇರುವ ಜಾಗ ನೋಡಿ. ಅಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿಗೆ ಹಾಕಿರಬೇಕು, ಒಂದೇ ಸಾಲಿನ ಹೊಲಿಗೆಯಾದರೆ ವಾಪಸ್ ಇಟ್ಟುಬಿಡಿ. ಜಿಪ್ ದಪ್ಪ ಹಲ್ಲಿನದಿರಲಿ. ಸಂಡೂರಿನ ಕೆಂಪು ಧೂಳು ಹೊಕ್ಕರೆ ರನ್ನರ್ ಹಿಡಿದುಕೊಳ್ಳುತ್ತದೆ, ಆಗ ಎಣ್ಣೆ ಬಿಟ್ಟರೆ ಧೂಳು ಇನ್ನೂ ಅಂಟುತ್ತದೆ. ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ, ಒಣಗಿದ ಮೇಲೆ ಮೇಣದಬತ್ತಿ ತಿಕ್ಕಿ.