ವಿಐಪಿ ದರ್ಶನದ ಹೆಸರಿನಲ್ಲಿ ಪಂಗನಾಮ: ತಿರುಪತಿಗೆ ಹೊರಟಿರುವ ಮಂಡ್ಯದವರು ದಯವಿಟ್ಟು ಓದಿ

ಮಂಡ್ಯ, ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯಿಂದ ತಿರುಪತಿಗೆ ಹೊರಡುವ ಯೋಚನೆಯಲ್ಲಿರುವವರು, ಅದರಲ್ಲೂ ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು ಹೋಗುವವರು, ಯಾವುದೇ ಏಜೆಂಟನ ಕೈಗೆ ಮುಂಗಡ ಕೊಡುವ ಮೊದಲು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. "ವಿಐಪಿ ಬ್ರೇಕ್ ದರ್ಶನ, ಬೆಟ್ಟದ ಮೇಲೆ ರೂಮು, ಎ.ಸಿ. ಟಿ.ಟಿ. (ಟೆಂಪೊ ಟ್ರಾವೆಲರ್), ಎಲ್ಲ ಸೇರಿ ತಲೆಗೆ 3,500" ಎಂದು ಹೇಳಿ ನಮ್ಮ ಮನೆಯ ಆರು ಜನರಿಂದ 21,000 ರೂಪಾಯಿ ತೆಗೆದುಕೊಂಡ ನಮ್ಮೂರಿನ ವ್ಯಕ್ತಿಯೊಬ್ಬ ನಮಗೆ ಕೊಟ್ಟು ಕಳಿಸಿದ್ದು ನಕಲಿ ಟಿಕೆಟ್. (ಬ್ರೇಕ್ ದರ್ಶನವೆಂದರೆ ಶಿಫಾರಸು ಪತ್ರ ಅಥವಾ ದೇಣಿಗೆಯ ಮೇಲೆ ಪ್ರತ್ಯೇಕವಾಗಿ ಕೊಡುವ ದರ್ಶನ.) ಪೊಲೀಸರಿಗೆ ದೂರು ಕೊಟ್ಟಿರುವುದರಿಂದ ಆತನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆದರೆ ಆತ ಹೇಳಿದ ಒಂದೊಂದು ಮಾತನ್ನೂ ಬರೆಯುತ್ತೇನೆ, ಏಕೆಂದರೆ ನಾಳೆ ನಿಮ್ಮೆದುರು ಕುಳಿತವನೂ ಇದೇ ಮಾತುಗಳನ್ನೇ ಆಡುತ್ತಾನೆ.

ತಿಮ್ಮಪ್ಪ ನಮ್ಮ ಮನೆದೇವರು. ನಮ್ಮ ತಾಯಿಗೆ 72 ವರ್ಷ, ಮಂಡಿನೋವು, ಮುಡಿ ಕೊಡುವ ಹರಕೆ ಬಹಳ ಕಾಲದಿಂದ ಬಾಕಿಯಿತ್ತು. ತಿರುಮಲ ತಿರುಪತಿ ದೇವಸ್ಥಾನಂನ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನದ ಟಿಕೆಟ್ ಸುಮಾರು ಮೂರು ತಿಂಗಳು ಮೊದಲೇ ಆನ್‌ಲೈನಿನಲ್ಲಿ ಬಿಡುಗಡೆಯಾಗುತ್ತದೆ, ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಮುಗಿದೂ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ನಮಗೆ ಸಿಕ್ಕಿರಲಿಲ್ಲ. 65 ದಾಟಿದವರಿಗೆ ಹಣವಿಲ್ಲದೆ ಕೊಡುವ ಹಿರಿಯ ನಾಗರಿಕರ ದರ್ಶನದ ಬಗ್ಗೆ ನಾನೇ ಆತನನ್ನು ಕೇಳಿದ್ದೆ. ಅದಕ್ಕೆ ಆತ, "ಅಣ್ಣಾ, ಅದನ್ನ ಕೊರೊನಾ ಟೈಮಲ್ಲೇ ನಿಲ್ಲಿಸ್ಬುಟ್ರು, ಈಗಿಲ್ಲ" ಎಂದ. ಇದು ಶುದ್ಧ ಸುಳ್ಳು. ಆ ಸೌಲಭ್ಯ ಇಂದಿಗೂ ಇದೆ. ಹಣ ಹೋದದ್ದಕ್ಕಿಂತ ಈ ಒಂದು ಸುಳ್ಳಿಗೆ ನನಗೆ ಹೆಚ್ಚು ಸಿಟ್ಟು ಬರುತ್ತದೆ, ಏಕೆಂದರೆ ಇದರಿಂದಲೇ ನಮ್ಮ ತಾಯಿ ರಾತ್ರಿಯೆಲ್ಲ ನೆಲದ ಮೇಲೆ ಕೂರಬೇಕಾಯಿತು.

ವ್ಯವಹಾರ ಹೇಗೆ ನಡೆಯಿತೆಂದರೆ, ಎಲ್ಲ ಕಡೆ ನಡೆಯುವಂತೆಯೇ ನಡೆಯಿತು. ಆಧಾರ್ ಜೆರಾಕ್ಸ್ ತೆಗೆದುಕೊಂಡ, ಅರ್ಧ ಹಣವನ್ನು ಫೋನ್‌ಪೇ ಮಾಡಿಸಿಕೊಂಡ, ಉಳಿದರ್ಧವನ್ನು ನಗದಾಗಿ ಪಡೆದು ರಸೀದಿ ಬರೆದುಕೊಟ್ಟ. ಯಾವುದೋ ಮಂತ್ರಿಯ ಪಿ.ಎ. ತನಗೆ ಬಹಳ ಬೇಕಾದವರು, ಅವರ ಪತ್ರದ ಮೇಲೆ ಬ್ರೇಕ್ ದರ್ಶನ ಆಗುತ್ತದೆ ಎಂದು ಪದೇಪದೇ ಹೇಳಿದ. ಹೊರಡುವ ದಿನ ರಾತ್ರಿ, ಸಾಮಾನೆಲ್ಲ ಗಾಡಿಗೆ ಏರಿ, ತಾಯಿಯೂ ಕಿಟಕಿಯ ಪಕ್ಕ ಕುಳಿತಾದ ಮೇಲೆ, ವಾಟ್ಸಾಪಿಗೆ ಒಂದು ಪಿಡಿಎಫ್ ಬಂತು. ತೆರೆದು ನೋಡಿದರೆ ಅದು ಬ್ರೇಕ್ ದರ್ಶನದ್ದಲ್ಲ, 300 ರೂಪಾಯಿಯ ವಿಶೇಷ ಪ್ರವೇಶದ್ದು. ಕೂಡಲೇ ಫೋನು ಮಾಡಿದೆ. "ಈ ಸಲ ಲೆಟರ್ ಸ್ವಲ್ಪ ಟೈಟು ಅಣ್ಣಾ. ಎರಡೂ ಒಂದೇ ಕಣಣ್ಣಾ, ದೇವ್ರು ಒಬ್ನೇ ತಾನೆ? ನೀವು ಹೋಗ್ಬನ್ನಿ, ಲೆಕ್ಕ ಆಮೇಲೆ ನೋಡ್ಕಳಣ" ಎಂದ. 300 ರೂಪಾಯಿಯ ಟಿಕೆಟನ್ನು 3,500ರ ಲೆಕ್ಕಕ್ಕೆ ಹಾಕಿದನಲ್ಲ ಎಂದು ನನ್ನ ಹೆಂಡತಿ ಮದ್ದೂರು ದಾಟುವವರೆಗೂ ಸಿಡುಕುತ್ತಿದ್ದಳು. ಆ 300 ರೂಪಾಯಿಯ ಟಿಕೆಟೂ ಸುಳ್ಳಿನದು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಮದ್ದೂರಿನಲ್ಲಿ ಇನ್ನೊಂದು ಕುಟುಂಬ ಅದೇ ಗಾಡಿಯನ್ನು ಹತ್ತಿತು. ಅವರು ತಮ್ಮ ಟಿಕೆಟನ್ನು ತಾವೇ ಮಾಡಿಕೊಂಡು, ಈತನಿಗೆ ಗಾಡಿಯ ಸೀಟಿಗಷ್ಟೇ ಹಣ ಕೊಟ್ಟಿದ್ದರು. ಮುಳಬಾಗಿಲಿನ ಆಂಜನೇಯನಿಗೆ ಹೊರಗಿನಿಂದಲೇ ಕೈಮುಗಿದು, ಬೆಳಗಾಗುವ ಹೊತ್ತಿಗೆ ಅಲಿಪಿರಿಯ ತಪಾಸಣೆ ಮುಗಿಸಿ ಬೆಟ್ಟ ಹತ್ತಿದೆವು. ಬೆಟ್ಟದ ಮೇಲಿನ ರೂಮು ಇರಲಿಲ್ಲ. ಅದನ್ನು ಕೆಳಗೆ ತಿರುಪತಿಯ ಲಾಡ್ಜೊಂದರಲ್ಲಿ ಮಾಡಿಸಿದ್ದೇನೆ ಎಂದು ಮೆಸೇಜು ಬಂತು. ಅದನ್ನು ವಿಸ್ತರಿಸಿ ಹೇಳುವ ಅಗತ್ಯವಿಲ್ಲ. ಕಲ್ಯಾಣಕಟ್ಟೆಯಲ್ಲಿ ತಾಯಿಯ ಮುಡಿ ಆಯಿತು, ಸ್ನಾನವಾಯಿತು, ತಲೆಗೆ ಗಂಧ ಹಚ್ಚಿಸಿಕೊಂಡು ಟಿಕೆಟಿನಲ್ಲಿ ಬರೆದ ಸಮಯಕ್ಕೆ ಸರಿಯಾಗಿ ಸಾಲಿನ ಬಳಿಗೆ ಹೋದೆವು.

ಮದ್ದೂರಿನವರು ನಮ್ಮ ಮುಂದೆಯೇ ಇದ್ದರು. ಅವರ ಟಿಕೆಟ್ ಸ್ಕ್ಯಾನ್ ಆಯಿತು, ಒಳಗೆ ಹೋದರು. ನಮ್ಮದನ್ನು ಹಿಡಿದಾಗ ಯಂತ್ರ ಏನನ್ನೂ ಒಪ್ಪಲಿಲ್ಲ. ಸಿಬ್ಬಂದಿ ಇನ್ನೊಮ್ಮೆ ಹಿಡಿದರು, ಕಾಗದವನ್ನು ಸರಿಯಾಗಿ ಬಿಡಿಸಿ ಮತ್ತೊಮ್ಮೆ ಹಿಡಿದರು. ಆಮೇಲೆ ಅವರು ತಮ್ಮ ಪೆನ್ನಿನ ತುದಿಯನ್ನು ನಮ್ಮ ಆರೂ ಜನರ ಹೆಸರಿನ ಮುಂದಿದ್ದ ಗುರುತಿನ ಚೀಟಿಯ ಸಂಖ್ಯೆಯ ಮೇಲೆ ಒಂದೊಂದಾಗಿ ಇಡುತ್ತಾ ಬಂದರು. ಆರು ಜನರಿಗೂ ಕೊನೆಯ ನಾಲ್ಕು ಅಂಕಿಗಳು ಒಂದೇ! ಹೆಸರಿನ ಅಕ್ಷರಗಳು ಒಂದು ಅಳತೆಯಲ್ಲಿ, ವಯಸ್ಸಿನ ಅಂಕಿಗಳು ಇನ್ನೊಂದು ಅಳತೆಯಲ್ಲಿ. ಬೇರೆ ಯಾರದೋ ಹಳೆಯ ಟಿಕೆಟಿನ ಮೇಲೆ ನಮ್ಮ ಹೆಸರುಗಳನ್ನು ಕೂರಿಸಿದ್ದ. "ಡೂಪ್ಲಿಕೇಟ್" ಎಂದು ಅವರು ಜೋರಾಗಿಯೇ ಹೇಳಿದರು. ಹಿಂದಿನ ಸಾಲೆಲ್ಲ ಕತ್ತು ಚಾಚಿ ನೋಡಿತು. ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿ, ದೇವಸ್ಥಾನಂನ ಜಾಗೃತ ದಳವಾದ ವಿಜಿಲೆನ್ಸ್‌ನವರನ್ನು ಕರೆಸಿ, ಎಲ್ಲಿಯವರು, ಯಾರು ಕೊಟ್ಟರು, ಎಷ್ಟು ಕೊಟ್ಟಿರಿ ಎಂದು ಕೇಳಿದರು. ಅವರದು ತಪ್ಪಲ್ಲ, ಅವರ ಕೆಲಸ ಅದು. ಆದರೆ ನನ್ನ ಮಾತಿನ ಮೇಲೆ ಪಾಂಡವಪುರದಿಂದ ಬಂದಿದ್ದ ನನ್ನ ಭಾವಮೈದ ಮತ್ತು ಅವನ ಹೆಂಡತಿಯ ಎದುರಿಗೆ, ಕಳ್ಳರನ್ನು ನಿಲ್ಲಿಸಿದಂತೆ ನಮ್ಮನ್ನು ನಿಲ್ಲಿಸಿದಾಗ ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ತಾಯಿಯ ಬೋಳುತಲೆಯ ಮೇಲಿನ ಗಂಧ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. "ಏನ್ಲಾ ಮಗಾ, ನಾವೇನಾರ ಕದ್ದಿದ್ವಾ?" ಎಂದು ಕೇಳಿದರು. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ.

ಆ ವಿಜಿಲೆನ್ಸ್ ಅಧಿಕಾರಿಗೆ ಕನ್ನಡ ಬರುತ್ತಿತ್ತು. 3,500 ರೂಪಾಯಿಗೆ ವಿಐಪಿ ಬ್ರೇಕ್ ಎಂದು ಹೇಳಿದ ಕೂಡಲೇ ಅವರು ನಕ್ಕರು. ಬ್ರೇಕ್ ದರ್ಶನದ ಟಿಕೆಟಿನ ಬೆಲೆ 500 ರೂಪಾಯಿ, ಅದೂ ಶಿಫಾರಸು ಪತ್ರ ಒಪ್ಪಿಗೆಯಾದರೆ ಮಾತ್ರ. ಇಲ್ಲವೇ ದೇವಸ್ಥಾನಂನದೇ ಆದ ಶ್ರೀವಾಣಿ ಟ್ರಸ್ಟಿಗೆ ತಲೆಗೆ 10,000 ರೂಪಾಯಿ ದೇಣಿಗೆ ಕೊಟ್ಟು, ಅದರ ಮೇಲೆ 500 ಕಟ್ಟಿ ಪಡೆಯಬೇಕು. ಇವೆರಡರ ನಡುವೆ 2,500, 3,500, 4,000 ಎಂದು ಯಾರಾದರೂ ಬ್ರೇಕ್ ದರ್ಶನಕ್ಕೆ ದರ ಹೇಳಿದರೆ ಅದು ಅವರ ಜೇಬಿನ ದರ, ದೇವಸ್ಥಾನದ ದರವಲ್ಲ.

ಅಲ್ಲಿಂದಲೇ ಆತನಿಗೆ ಫೋನು ಹಚ್ಚಿದೆ. ಮೊದಲನೆಯ ಉತ್ತರ, "ಸರ್ವರ್ ಪ್ರಾಬ್ಲಮ್ಮು, ಒಂದರ್ಧ ಗಂಟೆ ಬುಟ್ಟು ತೋರ್ಸಿ." ಅಂಕಿಗಳು ಒಂದೇ ಇವೆಯಲ್ಲಪ್ಪ ಎಂದರೆ, "ಅದು ಪ್ರಿಂಟ್ ಮಿಸ್ಟೇಕು." ವಿಜಿಲೆನ್ಸ್‌ನವರು ಪಕ್ಕದಲ್ಲೇ ಇದ್ದಾರೆ, ಮಾತಾಡು ಎಂದಾಗ ಫೋನು ಕಟ್ಟಾಯಿತು. ಆಮೇಲೆ ಸ್ವಿಚ್ ಆಫ್. ಅದೇ ಹೊತ್ತಿನಲ್ಲಿ ಆತನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಇನ್ನೊಂದು ತಂಡದ ಫೋಟೋ, ಕೆಳಗೆ "ಗೋವಿಂದಾ ಗೋವಿಂದ, ಸುಖಕರ ಪ್ರಯಾಣ" ಎಂಬ ಬರಹ. ಇದನ್ನು ಏನೆಂದು ಕರೆಯಬೇಕೋ ನೀವೇ ಹೇಳಿ.

ಕೆಳಗೆ ತಿರುಪತಿಯ ಶ್ರೀನಿವಾಸಂ, ವಿಷ್ಣುನಿವಾಸಂನಲ್ಲಿ ಕೊಡುವ ಉಚಿತ ದರ್ಶನದ ಟೋಕನ್‌ಗಳು ಅಷ್ಟು ಹೊತ್ತಿಗೆ ಮುಗಿದಿದ್ದವು. ಟೋಕನ್ ಇಲ್ಲದವರ ಸರ್ವದರ್ಶನದ ಸಾಲೇ ಗತಿಯಾಯಿತು. ವೈಕುಂಠಂ ಕ್ಯೂ ಕಾಂಪ್ಲೆಕ್ಸಿನ ಕಂಪಾರ್ಟ್‌ಮೆಂಟಿನಲ್ಲಿ ಹಾಲು ಕೊಟ್ಟರು, ಊಟ ಕೊಟ್ಟರು, ಆ ವಿಷಯದಲ್ಲಿ ದೇವಸ್ಥಾನದವರನ್ನು ಯಾರೂ ದೂರುವಂತಿಲ್ಲ. ಆದರೆ ಮಂಡಿ ಮಡಿಸಲಾರದ ಮುದುಕಿ ರಾತ್ರಿ ಪೂರ್ತಿ ಗೋಡೆಗೊರಗಿ ಕುಳಿತಿದ್ದನ್ನು ನೋಡುತ್ತಾ ಇರಬೇಕಾಯಿತು. ದರ್ಶನ ಮುಗಿಸಿ ಲಾಡು ಹಿಡಿದು ಹೊರಬಂದಾಗ ಮರುದಿನದ ಬೆಳಗಾಗಿತ್ತು. ಹಿಂದಿನ ದಿನ ಮಧ್ಯಾಹ್ನವೇ ಎಲ್ಲ ಮುಗಿಸಿಕೊಂಡಿದ್ದ ಮದ್ದೂರಿನವರು ನಮಗಾಗಿ ಕಾದು ಕಾದು ಸಾಕಾಗಿದ್ದರು. ಅವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಊರಿಗೆ ಬಂದವನೇ ಆತನ ಆಫೀಸಿಗೆ ಹೋದೆ. ಕುರ್ಚಿ ಎಳೆದು ಕೂರಿಸಿ, ಕಾಫಿ ತರಿಸಿ, ಆತ ಕೇಳಿದ ಮೊದಲ ಪ್ರಶ್ನೆ: "ದರ್ಸನ ಆಯ್ತಲ್ಲ ಅಣ್ಣಾ?" ಆಯಿತು ಎಂದೆ. "ಮತ್ತಿನ್ನೇನು? ದೇವ್ರನ್ನ ನೋಡಕ್ಕೆ ಕಷ್ಟ ಬಿದ್ದಷ್ಟೂ ಪುಣ್ಯ ಜಾಸ್ತಿ ಅಂತಾರೆ." ನನ್ನ ತಾಯಿಯ ಕಾಲು ಇನ್ನೂ ಊದಿಕೊಂಡಿದ್ದ ದಿನ ಆತ ನನಗೆ ಪುಣ್ಯದ ಲೆಕ್ಕ ಹೇಳುತ್ತಿದ್ದ. ಹಣ ವಾಪಸು ಕೊಡು ಎಂದಾಗ ರಸೀದಿ ಪುಸ್ತಕದ ಕಾರ್ಬನ್ ಪ್ರತಿಯನ್ನು ತೆಗೆದು ಮೇಜಿನ ಮೇಲಿಟ್ಟ. "ಇದ್ರಲ್ಲಿ ಟಿಕೆಟ್ ಅಂತ ಎಲ್ಲಿ ಬರ್ದಿದೆ ತೋರ್ಸಿ ಅಣ್ಣಾ." ಅದರಲ್ಲಿ ಬರೆದಿದ್ದುದು "ವಾಹನ ಮತ್ತು ಸೇವಾ ಶುಲ್ಕ" ಎಂದು ಮಾತ್ರ. ಹಾಗಾದರೆ ಪಿಡಿಎಫ್ ನಿನ್ನ ನಂಬರಿನಿಂದಲೇ ಬಂದಿದೆಯಲ್ಲ ಎಂದು ಫೋನು ತೋರಿಸಿದೆ. "ಅದು ಮೇಲಿನ ಏಜೆಂಟು ಕಳ್ಸಿದ್ದು, ನಾನು ಬರೀ ಫಾರ್ವರ್ಡ್ ಮಾಡ್ದೆ. ನಂಗೂ ಮೋಸ ಆಗೈತೆ ಅಣ್ಣಾ." ಆ ಮೇಲಿನ ಏಜೆಂಟು ಯಾರು ಎಂದರೆ ಹೆಸರಿಲ್ಲ, ಊರಿಲ್ಲ. ಕೊನೆಗೆ 5,000 ರೂಪಾಯಿ ಹಾಕಿ, "ಉಳಿದಿದ್ದು ಹುಂಡಿಗೆ ಹಾಕ್ದೆ ಅನ್ಕಳಿ" ಎಂದ. ಹುಂಡಿಗೆ ಹಾಕುವುದಿದ್ದರೆ ನಾನೇ ಹಾಕುತ್ತಿದ್ದೆ, ಇವನ ಮಧ್ಯಸ್ಥಿಕೆ ಬೇಕಿರಲಿಲ್ಲ.

ಆದ್ದರಿಂದ ಇಷ್ಟು ಮಾಡಿ. ಗಾಡಿಗೆ ಬೇಕಾದರೆ ಏಜೆಂಟನನ್ನು ಹಿಡಿಯಿರಿ, ಟಿಕೆಟಿಗೆ ಬೇಡ. ಅದನ್ನು ದೇವಸ್ಥಾನಂನ ಅಧಿಕೃತ ಜಾಲತಾಣದಲ್ಲಿ ನಿಮ್ಮದೇ ಮೊಬೈಲ್ ನಂಬರಿನಿಂದ ಮಾಡಿಸಿ. ಮನೆಯಲ್ಲಿ 65 ದಾಟಿದವರಿದ್ದರೆ ಮೊದಲು ಅವರ ಕೋಟಾ ನೋಡಿ, ಯಾರು ಇಲ್ಲವೆಂದರೂ ನಂಬಬೇಡಿ. ಬೆಟ್ಟದ ಮೇಲೆ ಕರ್ನಾಟಕ ಸರ್ಕಾರದ್ದೇ ಛತ್ರವಿದೆ, ರೂಮಿಗೆ ಅಲ್ಲಿ ಪ್ರಯತ್ನಿಸಿ. ರಸೀದಿಯಲ್ಲಿ ದರ್ಶನದ ವಿಧವನ್ನೂ ದಿನಾಂಕವನ್ನೂ ಬರೆಯಲು ಒಪ್ಪದವನ ಮುಂದೆ ಕುಳಿತಿರಬೇಡಿ. ಫೋನ್‌ಪೇ ಮೂಲಕ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇದನ್ನು ಈಗಲೇ ಬರೆಯಲು ಇನ್ನೊಂದು ಕಾರಣವಿದೆ. ಆತನ ಆಫೀಸಿನ ಮುಂದೆ ಹೊಸ ಫ್ಲೆಕ್ಸ್ ಬಿದ್ದಿದೆ: "ವೈಕುಂಠ ಏಕಾದಶಿ ವಿಶೇಷ, ವಿಐಪಿ ದರ್ಶನ, ತಲೆಗೆ 5,000." ವೈಕುಂಠದ್ವಾರ ತೆರೆದಿರುವ ಹತ್ತು ದಿನಗಳಲ್ಲಿ ಶಿಫಾರಸು ಪತ್ರಗಳ ಮೇಲೆ ಬ್ರೇಕ್ ದರ್ಶನ ಕೊಡುವುದನ್ನು ದೇವಸ್ಥಾನಂ ಈಚಿನ ವರ್ಷಗಳಲ್ಲಿ ನಿಲ್ಲಿಸುತ್ತಾ ಬಂದಿದೆ. ಹೀಗಿರುವಾಗ ಈತ ಯಾವ ಮಂತ್ರಿಯ ಪತ್ರ ತೋರಿಸಿ ಯಾರನ್ನು ಒಳಗೆ ಬಿಡಿಸುತ್ತಾನೆ? ಆ ಪಟ್ಟಿಯಲ್ಲಿ ಈಗಾಗಲೇ ಹೆಸರು ಬರೆಸಿದವರು ನಿಮ್ಮ ಪೈಕಿ ಇದ್ದರೆ, ಗಾಡಿ ಹತ್ತುವವರೆಗೆ ಕಾಯದೆ ಇವತ್ತೇ ಹೋಗಿ ಹಣ ವಾಪಸು ಕೇಳಿ.