ಮೊದಲ ಡಯಟ್‌ಗೂ ಐದನೇ ಡಯಟ್‌ಗೂ ಒಂದೇ ದಾರಿ ಸಾಕಾ?

ತೂಕ ಇಳಿಸುವ ಕಾರ್ಯಕ್ರಮಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಊಟದ ಪಟ್ಟಿ ಕೈಗಿಟ್ಟು ಕಳಿಸುವುದು. ಇನ್ನೊಂದು, ವಾರವಾರ ಕೂರಿಸಿ ಅಭ್ಯಾಸ ತಿದ್ದುವುದು. ಆರಿಸುವ ಮೊದಲು ನಿಮ್ಮ ಹಳೆಯ ಡಯಟ್‌ಗಳನ್ನು ಲೆಕ್ಕ ಹಾಕಿ.

ಇದೇ ಮೊದಲ ಸಲವಾದರೆ ಪಟ್ಟಿಯೇ ಸಾಕಾಗಬಹುದು. ಖರ್ಚೂ ಕಡಿಮೆ. ಕೊಬ್ಬು ಬಿಡಬೇಕೋ, ಅನ್ನ ಬಿಡಬೇಕೋ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರ ಮೇಲೆ ಒಂದು ವರ್ಷ ಇದನ್ನೇ ಹೋಲಿಸಿ 2018ರಲ್ಲಿ ಫಲಿತಾಂಶ ಕೊಟ್ಟರು. ಎರಡೂ ಗುಂಪು ಸರಾಸರಿ 5ರಿಂದ 6 ಕೆಜಿ ಇಳಿದಿತ್ತು. ಅಷ್ಟೇ.

ಇಳಿಸಿ ಏರಿಸಿ ಸುಸ್ತಾದವರ ಕಥೆ ಬೇರೆ. ಜಾಸ್ತಿ ಸಲ ಡಯಟ್ ಮಾಡಿದವರು ಹೊಸ ಕಾರ್ಯಕ್ರಮದಲ್ಲಿ ಕಡಿಮೆ ಇಳಿಯುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗಂತ ಕೈಚೆಲ್ಲಬೇಕಿಲ್ಲ. ಅಮೆರಿಕದಲ್ಲಿ 1994ರಿಂದ ತೂಕ ಇಳಿಸಿದವರ ರಾಷ್ಟ್ರೀಯ ನೋಂದಣಿಯೊಂದಿದೆ. ಕನಿಷ್ಠ 13.6 ಕೆಜಿ ಇಳಿಸಿ, ಒಂದು ವರ್ಷ ಹಾಗೇ ಉಳಿಸಿಕೊಂಡವರಿಗೆ ಮಾತ್ರ ಅಲ್ಲಿ ಜಾಗ. ಅವರಲ್ಲೂ 10ಕ್ಕೆ ಸುಮಾರು 9 ಜನ ಮೊದಲು ಸೋತವರೇ! ಗೆದ್ದ ಸಲ ಅವರು ವ್ಯಾಯಾಮ ಹೆಚ್ಚಿಸಿದ್ದರು, ಊಟದಲ್ಲಿ ಇನ್ನಷ್ಟು ಬಿಗಿಯಾಗಿದ್ದರು.

ಅದಕ್ಕೇ ಹಲವು ಸಲ ಸೋತಿದ್ದರೆ ನಿಮಗೆ ಎರಡನೇ ಬಗೆ ವಾಸಿ, ದುಡ್ಡು ಜಾಸ್ತಿಯಾದರೂ. ಹಿಂದೆ ಎಲ್ಲಿ ಜಾರಿದಿರಿ, ಮದುವೆ ಸೀಸನ್ನಲ್ಲೋ ರಾತ್ರಿ ಪಾಳಿಯಲ್ಲೋ, ಬರೆದುಕೊಂಡು ಹೋಗಿ. ತೂಕ ಇಳಿದ ಮೇಲೂ ಎಷ್ಟು ತಿಂಗಳು ಜೊತೆಗಿರುತ್ತೀರಿ ಅಂತ ಕಾರ್ಯಕ್ರಮದವರನ್ನು ಕೇಳಿ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ.